ಮಗ್ಗೆಯಲ್ಲಿ ಯಾರೂ ಹೇಳದ ಸುದ್ದಿ

ಹಾಸನದಲ್ಲಿ ಗಾಡಿ ಬದಲಿಸಿ ಸಕಲೇಶಪುರದಲ್ಲಿ ಇಳಿದಾಗ ಸೋಮವಾರದ ಊಟದ ಹೊತ್ತು ಮೀರಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಘಟ್ಟ ಇಳಿದು ಕರಾವಳಿಗೆ ಹೋಗುವ ರೈಲುದಾರಿ ಇನ್ನೂ ಹೊಸದು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿತ್ತು. ಸ್ಟೇಷನ್ನಿನಿಂದ ಆಸ್ಪತ್ರೆಗೆ ಜಟಕಾದವನು ಎರಡು ರೂಪಾಯಿ ಕೇಳಿದ. ನನ್ನ ಪೆಟ್ಟಿಗೆ ಎತ್ತಿ ನೋಡಿ, "ಇದರಲ್ಲಿ ಕಲ್ಲು ಐತಾ ತಾಯಿ?" ಎಂದು ಇನ್ನೊಂದು ಎಂಟಾಣೆ ಸೇರಿಸಿದ. ಇದ್ದದ್ದು ಪುಸ್ತಕಗಳು. ಮನಃಶಾಸ್ತ್ರದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದವಳು ನಾನು. ಓದಿನ ಕೊನೆಯ ಹಂತದಲ್ಲಿ, ಮೈಕಾಯಿಲೆ ನೋಡುವ ಸಾಮಾನ್ಯ ಆಸ್ಪತ್ರೆಯೊಂದರಲ್ಲಿ ಕುಳಿತು ಕೆಲಸ ಕಲಿಯಬೇಕೆಂದು ನಮ್ಮ ಗುರುಗಳು ಬೆಂಗಳೂರಿನಿಂದ ಒಂದು ವಾರಕ್ಕೆ ಕಳಿಸಿದ್ದರು.

ಹೇಮಾವತಿಗೆ ಮುಖ ಮಾಡಿದ ಚಿಕ್ಕ ಆಸ್ಪತ್ರೆ ಅದು. ನಡೆಸುತ್ತಿದ್ದವರು ಡಾಕ್ಟರ್ ಫ್ಲೇವಿಯಾ. ಮಂಗಳೂರು ಕಡೆಯ ಕ್ರೈಸ್ತ ಮನೆತನ, ಅಜ್ಜನ ಕಾಲದಲ್ಲಿ ಕಾಫಿ ತೋಟಕ್ಕೆಂದು ಘಟ್ಟ ಹತ್ತಿದವರು. ಅರವತ್ತರ ಹತ್ತಿರದ ವಯಸ್ಸು, ಗಂಡಸಿನಂಥ ಗಟ್ಟಿ ದನಿ.

"ನಿಮಗೆ ಬೇರೆ ಕೋಣೆ ಕೊಡುವುದಿಲ್ಲ" ಎಂದರು ಮೊದಲಿಗೇ. "ಬಾಗಿಲಿಗೆ ಮನಸ್ಸಿನ ಡಾಕ್ಟ್ರು ಅಂತ ಬೋರ್ಡು ಹಾಕಿದರೆ ಒಂದು ನಾಯಿ ಸಹ ಬರುವುದಿಲ್ಲ ಮಾರಾಯ್ರೆ. ಹುಡುಗಿಯ ಮದುವೆ ನಿಲ್ತದೆ, ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ಇಂಜೆಕ್ಷನ್ ಕೋಣೆಯಲ್ಲೇ ಒಂದು ಕುರ್ಚಿ ಹಾಕಿಸ್ತೇನೆ. ಸೂಜಿಗೆ ಬಂದವರು ಮಾತಾಡಿ ಹೋಗಲಿ."

ಹಾಗೆ ನನ್ನ ತರಬೇತಿ ಸ್ಪಿರಿಟ್ಟಿನ ವಾಸನೆಯಲ್ಲಿ ಆರಂಭವಾಯಿತು. ಆ ಸಂಜೆಯೇ ಡಾಕ್ಟರು ರುದ್ರಪ್ಪನ ವಿಷಯ ಹೇಳಿದರು.

ರುದ್ರಪ್ಪ ಮಗ್ಗೆಯವನು. ಎಡಕುಮೇರಿಯಲ್ಲಿ ಹಳಿ ಕಾಯುವ ಗ್ಯಾಂಗಿನ ಕೆಲಸ. ಸುತ್ತ ಕಾಡು, ರೈಲು ಬಿಟ್ಟರೆ ಅಲ್ಲಿಗೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಇಬ್ಬಿಬ್ಬರು ಜೊತೆಯಾಗಿ ಹಳಿಗುಂಟ ನಡೆದು, ಗುಡ್ಡ ಜರಿದಿದೆಯೇ ಎಂದು ನೋಡಬೇಕು. ಅವನ ಜೋಡಿ ಪಾವ್ಲು, ಸಕಲೇಶಪುರದವನೇ. ಆ ಮಳೆಗಾಲ ಇಬ್ಬರೂ ನಡೆಯುತ್ತಿದ್ದಾಗ ಗುಡ್ಡ ಜರಿದು ಇಬ್ಬರ ಮೇಲೂ ಮಣ್ಣು ಬಿತ್ತು. ಪಾವ್ಲು ಸತ್ತ. ರುದ್ರಪ್ಪನನ್ನು ಪ್ರಜ್ಞೆಯಿಲ್ಲದೆ ಹಾಸನಕ್ಕೆ ಒಯ್ದರು. ಗಾಯಗಳೆಲ್ಲ ಮಾಗಿದವು. ಬಲಗೈ ಮಾತ್ರ ಜೋತುಬಿದ್ದದ್ದು ಏಳಲಿಲ್ಲ.

"ಮೂಳೆ ಸರಿ ಉಂಟು, ನರ ಸರಿ ಉಂಟು" ಎಂದರು ಡಾಕ್ಟರು. "ಹಾಸನದವರೂ ಅದೇ ಹೇಳಿದರು. ಶುಕ್ರವಾರ ರೈಲ್ವೆ ಡಾಕ್ಟರು ಇಲ್ಲಿಯ ಸ್ಟೇಷನ್ನಿಗೆ ಬರ್ತಾರೆ. ಅವತ್ತೂ ಕೈ ಆಡದಿದ್ದರೆ ಕೆಲಸ ಹೋಯ್ತು, ಕ್ವಾರ್ಟರ್ಸೂ ಹೋಯ್ತು. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಇನ್ನೊಂದು ವಿಷಯ. ಪಾವ್ಲು ಸತ್ತದ್ದನ್ನು ಅವನಿಗೆ ಯಾರೂ ಹೇಳಲಿಲ್ಲ."

"ಯಾರೂ ಅಂದರೆ?"

"ನಾನು ಸಹ. ಅವನ ತಾಯಿ ಆಣೆ ಹಾಕಿಸಿದ್ದಾಳೆ."

ಊಟ ಬಡಿಸಲು ಬಂದ ಹೆಂಗಸು ಗಂಜಿಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಇಟ್ಟು ಹೋದಳು. ಕಪ್ಪು ಸೀರೆ, ಬರಿಗೈ. ಪಾವ್ಲುವಿನ ಹೆಂಡತಿ ಎಮಿಲಿ. ಗಂಡ ಹೋದ ಮೇಲೆ ಡಾಕ್ಟರು ಅವಳಿಗೆ ಅಡುಗೆಮನೆಯಲ್ಲಿ ಕೆಲಸ ಕೊಟ್ಟಿದ್ದರು. ರುದ್ರಪ್ಪ ಕೈ ತೋರಿಸಲು ಬರುವ ದಿನ ಮಾತ್ರ ಅವಳು ಅಡುಗೆಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಅವಳ ಸೀರೆಯೇ ಸುದ್ದಿ ಹೇಳಿಬಿಡುತ್ತಿತ್ತಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರೂ ನಾನೂ ಮಗ್ಗೆಗೆ ಹೊರಟೆವು. ಬಾಳ್ಳುಪೇಟೆ ದಾಟಿ ಪಾಳ್ಯದಲ್ಲಿ ಇಳಿದು, ಹೋಟೆಲಿನಲ್ಲಿ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿಂದು ಇನ್ನೊಂದು ಬಸ್ಸಿಗೆ ಕಾದೆವು. ಬಂತು ಅನ್ನುವುದಕ್ಕಿಂತ ತೆವಳಿತು ಅನ್ನಬೇಕು. ಒಳಗೆ ಜನ, ಮೇಲೆ ಭತ್ತದ ಮೂಟೆ, ಯಾರದೋ ಕಾಲಿನ ಹತ್ತಿರ ಒಂದು ಹುಂಜ. ಕಾಫಿಗಿಡಗಳು ಹಿಂದೆ ಸರಿದು, ಎರಡೂ ಕಡೆ ತೆನೆ ಬಿಟ್ಟ ಗದ್ದೆ, ಏರಿನ ಮೇಲೆ ರಾಗಿ ಹೊಲ ಶುರುವಾದವು.

ಮಗ್ಗೆಯಲ್ಲಿ ಇಳಿಯುತ್ತಿದ್ದಂತೆ ಬೀಡಿ ಅಂಗಡಿಯ ಮುದುಕಪ್ಪ ಡಾಕ್ಟರನ್ನು ಗುರುತಿಸಿ ಎದ್ದು ಬಂದ.

"ರುದ್ರಪ್ಪನ ಮನೆಗಾ? ಒಂದ್ ಮಾತು ಅವ್ವಾರೆ. ಪಾವ್ಲು ಇಸ್ಯ ಬಂದ್ರೆ, ಮಂಗ್ಳೂರಲ್ಲಿ ಮೀನ್ ಯಾಪಾರ ಮಾಡ್ತಾವ್ನೆ ಅನ್ನಿ. ನಾವು ಹಂಗೇ ಹೇಳಿದ್ದೀವಿ. ಸ್ವಲ್ಪ ದಪ್ಪ ಆಗವ್ನೆ ಅಂತ್ಲೂ ಹೇಳಿದ್ದೀವಿ."

"ದಪ್ಪ ಯಾಕೆ ಮಾಡಿದಿರಿ?" ಎಂದರು ಡಾಕ್ಟರು.

"ಕೇಳ್ದೋನ್ಗೆ ಸಮಾಧಾನ ಆಗ್ಲಿ ಅಂತ."

ಹಾಸಿಗೆ ಹಿಡಿದವನಿಗೆ ಸಾವಿನ ಸುದ್ದಿ ಮುಟ್ಟಿಸಬಾರದು. ನಮ್ಮಜ್ಜಿಯೂ ಹೀಗೇ ಅನ್ನುತ್ತಿದ್ದಳು; ಕಾಯಿಲೆಯವನ ತಲೆದಿಂಬಿನ ಹತ್ತಿರ ಯಮನ ಹೆಸರು ಎತ್ತಬೇಡಿ ಅಂತ. ಆದರೆ ಒಂದು ಊರಿಗೆ ಊರೇ ಸತ್ತವನನ್ನು ಬದುಕಿಸಿ, ವ್ಯಾಪಾರಕ್ಕೆ ಹಚ್ಚಿ, ಮೈ ತುಂಬಿಸಿ ಇಟ್ಟುಕೊಂಡದ್ದನ್ನು ನಾನು ಕಂಡಿರಲಿಲ್ಲ.

ರುದ್ರಪ್ಪ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದ. ಮೂವತ್ತು ಇರಬಹುದು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಬಲಗೈ. ಬೇರೆ ಯಾರದೋ ಕೈಯನ್ನು ಕಾಯಲು ಇಟ್ಟುಕೊಂಡವನ ಹಾಗೆ ಕಾಣುತ್ತಿದ್ದ. ತಾಯಿ ಗಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರು ಯಾವ ಡಾಕ್ಟ್ರು?"

"ಮಾತಾಡಿ ನೋಡುವ ಡಾಕ್ಟ್ರು" ಎಂದರು ಫ್ಲೇವಿಯಾ.

"ಸೂಜಿ?"

"ಇಲ್ಲ."

"ಮಾತ್ರೆ?"

"ಅದೂ ಇಲ್ಲ."

"ಬರೀ ಮಾತಾ? ಅಂಥೋರು ನಮ್ಮೂರ್ ಕಟ್ಟೆ ಮ್ಯಾಲೆ ಬೇಕಾದಷ್ಟು ಜನ ಅವ್ರೆ ಕಣವ್ವ. ಅವ್ರಿಗೂ ಬಸ್ ಚಾರ್ಜು ಕೊಟ್ಟು ಕರೆಸ್ತಾರಾ?"

ಬೆಂಗಳೂರಿನಲ್ಲಿ ನಮಗೆ ಕಲಿಸಿದ್ದು, ರೋಗಿಯ ಜೊತೆ ಏಕಾಂತದಲ್ಲಿ ಮಾತಾಡಬೇಕು ಎಂದು. ನಾನು ಹಾಗೆಯೇ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಹಗಲು ಹೊತ್ತು ಬಾಗಿಲು ಹಾಕಿದರೆ ಒಳಗೇನೋ ಕೆಡುಕಾಗಿದೆ ಎಂದೇ ಆ ಊರಿನಲ್ಲಿ ಅರ್ಥವೆಂದು ಹೊಳೆದಿರಲಿಲ್ಲ. ಐದು ನಿಮಿಷದಲ್ಲಿ ಅಂಗಳದ ತುಂಬ ಜನ. "ಏನಂತೆ? ಕೈ ಕುಯ್ತಾರಂತಾ?" ಎಂದು ಯಾರೋ ಕೇಳಿದ್ದು ಒಳಗೂ ಕೇಳಿಸಿತು. ರುದ್ರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಬಾಗಿಲು ತೆರೆದೆ.

ಹೊರಗೆ ಜಗಲಿಯ ಮೇಲೆ ಗಂಗಮ್ಮ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ಕಲ್ಲು ಆರಿಸತೊಡಗಿದೆ. ನನ್ನ ಬೆರಳು ಅಷ್ಟಾದರೂ ಕೆಲಸ ಬಲ್ಲದ್ದನ್ನು ಕಂಡು ಅವಳ ಮುಖ ಸ್ವಲ್ಪ ಸಡಿಲವಾಯಿತು.

"ಯಾಕೆ ಹೇಳಲಿಲ್ಲ ಅಂತ ಕೇಳೋಕೆ ಬಂದಿದ್ದೀಯ. ಕೇಳು" ಎಂದಳು, ಒಳಗೆ ಮಗನಿಗೆ ಕೇಳದಂತೆ. "ನಮ್ಮ ಮಾವ ಜ್ವರ ಬಂದು ಮಲಗಿದ್ರು. ತಮ್ಮ ತೀರ್ಕಂಡ ಅಂತ ಯಾವನೋ ಬಂದು ಹೇಳ್ಬುಟ್ಟ. ಒಂದು ವಾರ ತಡೀಲಿಲ್ಲ ಅವ್ರು. ನಂಗಿರೋನು ಇವ್ನೊಬ್ಬ."

"ಅವ್ವ, ಕೈ ವಾಸಿಯಾದರೆ ಆಗ ಏನು ಮಾಡ್ತೀರಿ?"

"ಆಗ ಹೇಳ್ತೀವಿ. ಆ ಎಮಿಲಿ ಹತ್ರ ಕರ್ಕಂಡ್ ಹೋಯ್ತೀವಿ."

"ಅಂದರೆ ಕೈ ಮಲಗಿರೋ ತನಕ ಪಾವ್ಲು ಬದುಕಿರ್ತಾನೆ, ಕೈ ಎದ್ದ ದಿನವೇ ಸಾಯ್ತಾನೆ."

ಮೊರ ನಿಂತಿತು. ನಾನು ಏನೋ ಜಾಣ ಮಾತು ಆಡಬೇಕೆಂದು ಆಡಿದ್ದಲ್ಲ. ಬಾಯಿಗೆ ಬಂದ ಮೇಲೆ ನನಗೇ ಗೊತ್ತಾದದ್ದು. ಗಂಗಮ್ಮ ಅದನ್ನು ಪಕ್ಕಕ್ಕಿಟ್ಟಳು.

"ನೀನೇ ಹೇಳ್ಬುಡು" ಎಂದಳು.

"ಮನೆಯವರ ಬಾಯಿಂದ ಬರಬೇಕು ಅವ್ವ. ನಾನು ದಾರಿಯಲ್ಲಿ ಬಂದವಳು."

"ಏನಾರ ಆದ್ರೆ?"

ಡಾಕ್ಟರ ಮುಖ ನೋಡಿದೆ. "ನಾನು ಇಲ್ಲೇ ಇರ್ತೇನೆ ಗಂಗಮ್ಮ. ಇವತ್ತು ಕಡೇ ಬಸ್ಸು ಹೋದರೂ ಹೋಗಲಿ" ಎಂದರು ಅವರು.

ಗಂಗಮ್ಮ ಎದ್ದು ಕೈ ತೊಳೆದಳು. ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು ತಂದು, ದಿನಾ ಮಾಡುವಂತೆ ಮಗನ ತೋಳಿಗೆ ಎಣ್ಣೆ ನೀವಲು ಕೂತಳು. ಬಾಗಿಲು ಪೂರ್ತಿ ತೆರೆದಿತ್ತು. ಅಂಗಳದ ಜನವೂ ಅಲ್ಲೇ ಇದ್ದರು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ನೀವುತ್ತಾ ಬಂದು ಅಂಗೈ ಹಿಡಿದುಕೊಂಡಳು.

"ರುದ್ರ, ಪಾವ್ಲು ಇಲ್ಲ ಕಣಪ್ಪ. ಅವತ್ತೇ ಹೋಗ್ಬುಟ್ಟ."

"ಗೊತ್ತು ಕಣವ್ವ."

ಅಂಗಳದ ಜನ ಹೊಸಿಲಿನ ತನಕ ಸರಿದು ಬಂದರು.

"ಮಣ್ಣೊಳಗೆ ಅವ್ನ ಕೈ ನನ್ನ ಕೈಲಿತ್ತು" ಎಂದ ರುದ್ರಪ್ಪ. "ಮೊದ್ಲು ಅವ್ನೇ ಹಿಡ್ಕಂಡಿದ್ದ. ಆಮ್ಯಾಕೆ ನಾನು ಹಿಡ್ಕಂಡಿದ್ದೆ. ತಣ್ಣಗಾದ್ ಮ್ಯಾಲೂ ಬುಟ್ಟಿರ್ಲಿಲ್ಲ. ಯಾರೋ ಬಂದು ಬಿಡಿಸಿದ್ರು."

"ಮತ್ತೆ ಇಷ್ಟ್ ದಿನ ಯಾಕೋ ಸುಮ್ಕಿದ್ದೆ?"

"ನೀವೆಲ್ಲ ಬದುಕವ್ನೆ ಅಂತಿದ್ರಲ್ಲ. ಅಂತಿರ್ಲಿ ಅಂತ. ಮೀನ್ ಯಾಪಾರ ಅಂದಾಗ ನಗು ಬಂತು. ಅವ್ನಿಗೆ ಮೀನಿನ ಮುಳ್ಳು ಬಿಡಿಸ್ಕಳಕ್ಕೂ ಬತ್ತಿರ್ಲಿಲ್ಲ, ಎಮಿಲಕ್ಕ ಬಿಡಿಸಿ ಕೊಡೋದು. ಆದ್ರೂ ಆ ಮಾತ ಕೇಳಾಕೆ ದಿನಾ ಅಂಗಡಿಗೆ ಹೋಯ್ತಿದ್ದೆ."

ಆಮೇಲೆ ಅತ್ತ. ಅವನ ತಾಯಿಯೂ ಅತ್ತಳು. ಬೀಡಿ ಅಂಗಡಿಯ ಮುದುಕಪ್ಪ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಅಂಗಳ ದಾಟಿ ಹೋದ. ಕೈ ಮಾತ್ರ ಏಳಲಿಲ್ಲ. ನನ್ನ ಪುಸ್ತಕಗಳಲ್ಲಿ ಇಂಥ ಹೊತ್ತಿನಲ್ಲಿ ಕೈ ಏಳುತ್ತಿತ್ತು. ಇಲ್ಲಿ ತಾಯಿಯ ಅಂಗೈಯಲ್ಲಿ ಎಣ್ಣೆ ಸವರಿಕೊಂಡು ಹಾಗೇ ಮಲಗಿತ್ತು.

ಕಡೇ ಬಸ್ಸು ತಪ್ಪಲಿಲ್ಲ. ಹೊರಡುವಾಗ ರುದ್ರಪ್ಪ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಎಮಿಲಕ್ಕ ನನ್ ಮುಖ ನೋಡ್ತಾರಾ?"

ಗುರುವಾರ ಬೆಳಿಗ್ಗೆ ತಾಯಿ ಮಗ ಇಬ್ಬರೂ ಆಸ್ಪತ್ರೆಗೆ ಬಂದರು. ಡಾಕ್ಟರು ಹಿಂದಿನ ರಾತ್ರಿಯೇ ಎಮಿಲಿಗೆ ಎಲ್ಲವನ್ನೂ ಹೇಳಿದ್ದರು. ಆದರೂ ಅವಳು ಅಡುಗೆಮನೆಯಿಂದ ಹೊರಬರಲಿಲ್ಲ; ಪಾತ್ರೆಗಳ ಸದ್ದು ಮಾತ್ರ ದೊಡ್ಡದಾಗುತ್ತಿತ್ತು. ಕೊನೆಗೆ ರುದ್ರಪ್ಪನೇ ಹೋಗಿ ಅಡುಗೆಮನೆಯ ಹೊಸಿಲಲ್ಲಿ ನಿಂತ.

"ಈಗ ದಾರಿ ಗೊತ್ತಾಯ್ತಾ?" ಎಂದಳು ಎಮಿಲಿ, ಹಿಂದೆ ತಿರುಗದೆ. "ಊರೆಲ್ಲ ಬಂತು ಮಣ್ಣಿಗೆ. ತೋಟದ ಲೆಕ್ಕ ಬರೆಯುವ ರೈಟರು ಬಂದರು, ಸ್ಟೇಷನ್ ಮಾಸ್ಟರು ಬಂದರು. ಒಂದೇ ತಟ್ಟೆಯಲ್ಲಿ ಉಂಡವ ಎದ್ದು ಓಡಾಡಿದ ಮೇಲೂ ಬರಲಿಲ್ಲ. ನಾನು ವಾರವಾರ ಈ ಒಲೆಯ ಮುಂದೆ ಅಡಗಿ ಕೂತುಕೊಳ್ಳಬೇಕಂತೆ, ನಿನಗೆ ಗೊತ್ತಾಗಬಾರದು ಅಂತ. ನನ್ನ ಗಂಡ ಸತ್ತದ್ದು ನನ್ನ ಕಳ್ಳತನವಾ ಮಾರಾಯ?"

"ತೆಪ್ಪಾಯ್ತು ಅಕ್ಕ."

"ನಮ್ಮವರು ಎಂತ ಹೇಳಿದರು ಕಡೆಗೆ?"

"ಮಣ್ಣೊಳಗೆ ಮಾತಾಡಾಕೆ ಆಗಲ್ಲ ಅಕ್ಕ. ಕೈ ಅಮುಕಿದ, ಅಷ್ಟೇಯ."

ಎಮಿಲಿ ಆಗ ತಿರುಗಿ ನೋಡಿದಳು. ಅವನ ಮುಖವನ್ನಲ್ಲ, ಜೋತುಬಿದ್ದ ಕೈಯನ್ನು. ಒಲೆಯ ಕೆಂಡ ಹಿಂದೆಳೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಾ" ಎಂದಳು.

ಇಗರ್ಜಿಯ ಹಿಂದಿನ ಇಳಿಜಾರಿನಲ್ಲಿ ಸಮಾಧಿಗಳಿದ್ದವು. ಪಾವ್ಲುವಿನದು ಅಂಚಿನಲ್ಲಿ, ಮರದ ಶಿಲುಬೆ, ಮಳೆಗೆ ಕುಸಿದು ತಗ್ಗಾದ ಮಣ್ಣು. ಗಂಗಮ್ಮ ಚಪ್ಪಲಿ ಕಳಚಿ ದೂರ ನಿಂತಳು. ಅವಳ ಕಡೆಯವರಲ್ಲೂ ಹೂಳುವುದೇ ಪದ್ಧತಿ, ಸತ್ತವನಿಗೆ ಹಿಡಿ ಮಣ್ಣು ಹಾಕುವುದೂ ಇದೆ. ಅದಕ್ಕೆ ಯಾರೂ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ರುದ್ರಪ್ಪ ಬಗ್ಗಿ ಎಡಗೈ ಚಾಚಿದ, ಮತ್ತೆ ಹಿಂದೆ ತೆಗೆದುಕೊಂಡ. ಎಡಗೈಯಲ್ಲಿ ಹೇಗೆ ಹಾಕುವುದು? ನಿಂತೇ ಇದ್ದ.

ಎಮಿಲಿ ಒಂದು ಬಿದಿರಿನ ಮಂಕರಿ ತಂದು ಬದಿಯ ದಿಬ್ಬದಿಂದ ಮಣ್ಣು ತುಂಬಿದಳು. "ಹಿಡಿಯಿಂದ ಈ ಗುಂಡಿ ತುಂಬುವುದಿಲ್ಲ. ಇದು ಒಬ್ಬರಿಂದ ಏಳುವುದೂ ಇಲ್ಲ. ಆ ಕಡೆ ಹಿಡಿ" ಎಂದಳು. ಅವನು ಎಡಗೈ ಕೊಟ್ಟ. "ಆ ಕೈಯಲ್ಲ." ಅವನ ಬಲಗೈಯನ್ನು ತಾನೇ ಎತ್ತಿ ಮಂಕರಿಯ ಅಂಚಿನ ಮೇಲಿಟ್ಟಳು, ಆಚೆ ಹೋಗಿ ತನ್ನ ಕಡೆಯನ್ನು ಹಿಡಿದಳು. ಬೆರಳುಗಳು ಒಂದು ಕ್ಷಣ ಹಾಗೇ ಇದ್ದವು. ಆಮೇಲೆ ಮಡಚಿದವು. ಮಂಕರಿ ಅವನ ಕಡೆ ವಾಲಿ, ಅರ್ಧ ಮಣ್ಣು ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ಸುರಿದರು. ಮತ್ತೆ ತುಂಬಿದರು. ಡಾಕ್ಟರು ಒಂದು ಹೆಜ್ಜೆ ಮುಂದಿಟ್ಟದ್ದನ್ನು ನಾನು ತೋಳು ಹಿಡಿದು ತಡೆದೆ. ಆ ವಾರದ ನನ್ನ ಕೆಲಸವೆಂದರೆ ಬಹುಶಃ ಅಷ್ಟೇ.

ಶುಕ್ರವಾರ ನಾನು ಊರಿಗೆ ಮರಳುವ ದಿನವೂ ಆಗಿತ್ತು. ಸ್ಟೇಷನ್ನಿನ ಒಂದು ಕೋಣೆಯಲ್ಲಿ ರೈಲ್ವೆ ಡಾಕ್ಟರು ಕೂತಿದ್ದರು. ಮಿತಭಾಷಿ. ಬೆಂಚಿನ ಮೇಲಿದ್ದ ಗ್ಯಾಂಗಿನ ಸುತ್ತಿಗೆಯನ್ನು ತೋರಿಸಿ, "ಎತ್ತಪ್ಪ" ಎಂದರು. ರುದ್ರಪ್ಪ ಹಿಡಿದ. ಬೆಂಚಿನಿಂದ ಒಂದು ಗೇಣು ಮೇಲೆ ಬಂತು. ಅದಕ್ಕಿಂತ ಮೇಲೆ ಏಳಲಿಲ್ಲ. ಅವನು ಅದನ್ನು ಬೀಳಿಸದೆ ಮೆಲ್ಲಗೆ ಇಳಿಸಿದ.

"ಹೋದ ಸಲ ಬೆರಳೇ ಮಡಚಿರಲಿಲ್ಲವಲ್ಲ" ಎಂದರು ರೈಲ್ವೆ ಡಾಕ್ಟರು. ಫ್ಲೇವಿಯಾ ಅವರ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ಕೊನೆಗೆ ರೈಲ್ವೆ ಡಾಕ್ಟರು ಸಂಕ್ರಾಂತಿ ಕಳೆಯುವ ತನಕ ರಜೆ ಬರೆದರು. ಕೆಲಸ ಸದ್ಯಕ್ಕೆ ಉಳಿಯಿತು. "ವಾಪಸ್ ಎಡಕುಮೇರಿಗೆ ಹೋಗ್ತೀಯಾ?" ಎಂದು ಕೇಳಿದ್ದಕ್ಕೆ ರುದ್ರಪ್ಪ ಯೋಚಿಸಿ ಹೇಳಿದ: "ಹೋಯ್ತೀನಿ ಸಾ. ಒಬ್ನೇ ಆಗಲ್ಲ. ಜೊತೆಗೆ ಯಾರಾನ ಇದ್ರೆ ಹೋಯ್ತೀನಿ."

ಹಾಸನದ ಗಾಡಿ ಬಂತು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಪ್ಲಾಟ್‌ಫಾರ್ಮಿನಲ್ಲಿ ಡಾಕ್ಟರು, ಗಂಗಮ್ಮ, ರುದ್ರಪ್ಪ ನಿಂತಿದ್ದರು. ಗಾಡಿ ಅಲುಗಿದಾಗ ರುದ್ರಪ್ಪ ಎಡಗೈ ಎತ್ತಿದ. "ಎಡಗೈ ತೋರಿಸ್ತಾರೇನೋ, ಬಸ್ ನಿಲ್ಸೋ ಹಂಗೆ! ಕೈ ಮುಗಿಯೋ" ಎಂದು ಗಂಗಮ್ಮ ಗದರಿದ್ದು ಗಾಲಿಗಳ ಸದ್ದಿನಲ್ಲೂ ಕೇಳಿಸಿತು. ಅವನು ಎಡಗೈ ಇಳಿಸಿದ. ಅದರಿಂದ ಬಲಗೈಯ ಮಣಿಕಟ್ಟು ಹಿಡಿದು, ಎದೆಯ ತನಕ ಎತ್ತಿ ತಂದು, ಅಂಗೈಗೆ ಅಂಗೈ ಸೇರಿಸಿದ. ಆಮೇಲೆ ಎಡಗೈಯ ಬಿಗಿ ಸ್ವಲ್ಪ ಸಡಿಲಿಸಿ, ಬಲಗೈ ನಿಲ್ಲುತ್ತದೆಯೇ ಎಂದು ನೋಡಿದ. ಗಾಡಿ ತಿರುಗಿ ಪ್ಲಾಟ್‌ಫಾರ್ಮು ಮರೆಯಾಗುವ ತನಕ ಆ ಕೈ ನಿಂತೇ ಇತ್ತು.