ನಾಲೆ ಸೇತುವೆಯ ಮೇಲೆ ನಾಯಿ ಬೊಗಳಿದ ಬಗ್ಗೆ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ವರದಿ, ಅರ್ಜಿಗಳ ಹೊರತು ನಾನು ಇದುವರೆಗೆ ಏನನ್ನೂ ಬರೆದವನಲ್ಲ. ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪುತ್ತದೆ, ದಯವಿಟ್ಟು ಮನ್ನಿಸಬೇಕು. ನಾಯಿಗಳು ಕಾರಣವಿಲ್ಲದೆ ಬೊಗಳುತ್ತವೆ ಎಂದೇ ನಾನು ನಂಬಿದ್ದೆ.

ಮದ್ದೂರು ತಾಲ್ಲೂಕಿನ ಒಂದು ಊರಿನಲ್ಲಿ ನಾನು ನೀರುಗಂಟಿ. ಸರದಿ ಪ್ರಕಾರ ನಾಲೆಯ ಗೇಟೆತ್ತಿ ಗದ್ದೆಗಳಿಗೆ ನೀರು ಬಿಡುವುದು ನನ್ನ ಕರ್ತವ್ಯ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಗೇಟಿನ ಕೆಳಗಡೆಯ ಸೇತುವೆಯ ಮೇಲೆ ಒಂದು ಬೀದಿನಾಯಿ ಒಮ್ಮೆ ನೀರನ್ನು, ಒಮ್ಮೆ ನನ್ನನ್ನು ನೋಡುತ್ತ ಬಿಡದೆ ಬೊಗಳುತ್ತಿತ್ತು. ಗೆಜ್ಜಲಗೆರೆಯ ಕಾರ್ಖಾನೆಯಿಂದ ರಾತ್ರಿಯೇ ಬೈಕಿನಲ್ಲಿ ಬರಬೇಕಿದ್ದ ನನ್ನ ತಮ್ಮ ಶಿವಣ್ಣ ಬಂದಿರಲಿಲ್ಲ. ಇನ್ನೊಂದು ಪಾಳಿಗೆ ನಿಂತಿರಬಹುದೆಂದು ಭಾವಿಸಿದ್ದೆವು.

ಕೊನೆಯ ಗದ್ದೆಯ ಕೆಂಪಣ್ಣ ಕೂಗಾಡಿದರು: "ನಾಯಿ ಬಾಯಿ ನೋಡ್ಕಂಡು ನಿಂತ್ಕಂಡಿದ್ದೀಯೇನ್ಲಾ? ನನ್ ಸರದಿ ಓಯ್ತಾ ಅದೆ, ಎತ್ಲಾ ಗೇಟ!"

"ಇದ್ಕೂ ನೀರು ಬೇಕಂತೆ ಕಣಣ್ಣ, ಅರ್ಜಿ ಆಕ್ತಾ ಅದೆ," ಎಂದೆ. ಇಬ್ಬರೂ ನಕ್ಕೆವು.

ಗೇಟು ತಿರುಗಿಸುವ ಕಬ್ಬಿಣದ ಹಿಡಿಯಿಂದ ಸದರಿ ನಾಯಿಗೆ ಹೊಡೆದೆ. ಮುಂಗಾಲು ಮುರಿಯಿತು. ಮೂರು ಕಾಲಿನ ಮೇಲೆ ನಿಂತು ಮತ್ತೆ ಬೊಗಳಿತು. ನಾನು ಗೇಟನ್ನು ಪೂರ್ತಿ ಎತ್ತಿದೆ. ನೀರು ಏರಿ ಸೇತುವೆಯ ಕಮಾನಿಗೆ ತಾಗಿದಾಗ ಬೊಗಳು ನಿಂತಿತು. ನಾಯಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕುಂಟುತ್ತ ಕಬ್ಬಿನ ಗದ್ದೆಯೊಳಗೆ ಹೋಯಿತು. ಏಟು ಕೆಲಸ ಮಾಡಿತೆಂದುಕೊಂಡೆ.

ಮಾರನೆಯ ದಿನ ಸರದಿ ಮುಗಿದು ನೀರಿಳಿಯಿತು. ಸೇತುವೆಯ ಕೆಳಗಿನ ಕಲ್ಲುದಂಡೆಯ ಮೇಲೆ, ರಾತ್ರಿ ಮೇಲಿನಿಂದ ಉರುಳಿದ ಬೈಕಿನಡಿ ಕಾಲು ಸಿಕ್ಕಿಕೊಂಡು ಶಿವಣ್ಣ ಸತ್ತಿದ್ದ. ಗೋಡೆಯ ಪಾಚಿಯಲ್ಲಿ ಅವನ ಬೆರಳಿನ ಗೀರುಗಳಿದ್ದವು. ನೀರು ಏರಿದಂತೆಲ್ಲ ಅವೂ ಮೇಲೇರಿದ್ದವು. ರಾತ್ರಿಯೆಲ್ಲ ಅವನು ಕೂಗಿರಬೇಕು. ಬೆಳಿಗ್ಗೆ ನಾಯಿ ಬೊಗಳುವ ಸದ್ದಿನಲ್ಲಿ, ಆಮೇಲೆ ಗೇಟಿನ ನೀರಿನ ಭೋರ್ಗರೆತದಲ್ಲಿ ನಮಗೆ ಕೇಳಿಸಲಿಲ್ಲ.

ಅಂದಿನಿಂದ ಈವರೆಗೆ ಯಾವ ನಾಯಿಯೂ ನನ್ನನ್ನು ಕಂಡು ಬೊಗಳಿಲ್ಲ. ಮಳವಳ್ಳಿಯಲ್ಲಿ, ಮಂಡ್ಯದಲ್ಲಿ, ಗುರುತಿಲ್ಲದವರ ಬಾಗಿಲಲ್ಲಿ ಪರೀಕ್ಷಿಸಿದ್ದೇನೆ. ಜೊತೆಯವರ ಮೇಲೆ ಎಗರುವ ನಾಯಿ ನಾನು ಮುಂದೆ ಬಂದೊಡನೆ ಬಾಯಿ ಮುಚ್ಚಿ ನಿಲ್ಲುತ್ತದೆ. ಒಮ್ಮೆ ಕಟ್ಟಿಹಾಕಿದ ನಾಯಿಗೆ ದೊಣ್ಣೆ ತೋರಿಸಿ ಹೆದರಿಸಿದೆ, ಸುಮ್ಮನೆ ನೋಡಿತು. ಪಶುವೈದ್ಯರನ್ನು ಕೇಳಿದರೆ ನಕ್ಕರು.

ನಮ್ಮ ತಾಯಿ ಮಾತ್ರ ನಗಲಿಲ್ಲ. ತಟ್ಟೆಗೆ ಮುದ್ದೆ ಹಾಕುತ್ತ, ನನ್ನ ಮುಖ ನೋಡದೆಯೇ ಹೇಳಿದರು: "ಕೇಳಿಸ್ಕಳೋರಿದ್ರೆ ತಾನೆ ಬೊಗಳೋದು? ಉಣ್ಣು."

ಇದಕ್ಕೆ ವಿವರಣೆ ನನ್ನಲ್ಲಿಲ್ಲ. ನಡೆದದ್ದನ್ನು ನಡೆದಂತೆಯೇ ನಿವೇದಿಸಿದ್ದೇನೆ. ಬರವಣಿಗೆಯಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.