ಡೊಂಕನ ಕೌದಿ ನೋಡಲು ಸೋನ್ಯಾಳಕ್ಕೆ

ವಿಜಯಪುರದಿಂದ ಜತ್ತಕ್ಕೆ ಹೋಗುವ ಮಹಾರಾಷ್ಟ್ರದ ಬಸ್ಸು ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಹೊರಟಿತು. ಆ ರಾಜ್ಯದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು, ಆದರೆ ಗಡಿ ದಾಟಿದ ಮೇಲಷ್ಟೇ. ಕಂಡಕ್ಟರ್ ಗಡಿಯವರೆಗೆ ಪೂರ್ತಿ, ಮುಂದಕ್ಕೆ ಅರ್ಧ ಎಂದು ಲೆಕ್ಕ ಹೇಳಿದಾಗ ನಗು ಬಂತು. ಮನೆಯಿಂದ ಇಡಿಯಾಗಿ ಹೊರಟವಳು ಗಡಿಯಲ್ಲಿ ಅರ್ಧವಾಗಬೇಕಿತ್ತು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ನಾನು ಬೈಸಿಕೊಳ್ಳಲು ಹೊರಟಿದ್ದೇನೆಂದೇ ತಿಳಿದಿದ್ದೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗಾಗಿ ಒಂದೇ ಒಂದು ಪುಸ್ತಕ ಬರೆದಿದ್ದೇನೆ. ಅದರಲ್ಲಿ ಗಂಗಿ ಎಂಬ ಹುಡುಗಿ, ಅವಳ ಬೆನ್ನಿಗೊಂದು ಟಗರು. ಒಂದು ಕೊಂಬು ಸೊಟ್ಟ, ಅದಕ್ಕೇ ಅವನ ಹೆಸರು ಡೊಂಕ. ಇಬ್ಬರೂ ಕೂಡಿ ಊರಿನ ಕಳ್ಳರನ್ನು ಹಿಡಿಯುತ್ತಾರೆ. ಗಡಿಯ ಎರಡೂ ಕಡೆಯ ಕನ್ನಡ ಶಾಲೆಗಳಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ಮಕ್ಕಳು ಡೊಂಕನ ಚಿತ್ರ ಬಿಡಿಸಿ ಕಳಿಸತೊಡಗಿದರು. ಕಪ್ಪು ಕನ್ನಡಕದ ಡೊಂಕ, ಪೊಲೀಸ್ ಟೊಪ್ಪಿಗೆಯ ಡೊಂಕ, ಸಿನಿಮಾ ನಾಯಕನ ಹಾಗೆ ಮೋಟರ್‌ಸೈಕಲ್ ಏರಿದ ಡೊಂಕ. ಅವನ್ನೆಲ್ಲ ಹರಡಿಕೊಂಡು ಕೂತರೆ ನನಗೆ ಊಟದ ನೆನಪಾಗುವುದಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ಗಂಗಿಯನ್ನು ಕಾಪಾಡಲು ಹೋಗಿ ಡೊಂಕ ಬಾವಿಯಲ್ಲಿ ಮುಳುಗುತ್ತಾನೆ. ಕಣ್ಣೀರು ಬರಿಸದ ಪುಸ್ತಕವನ್ನು ದೊಡ್ಡವರು ಪುಸ್ತಕವೆನ್ನುವುದಿಲ್ಲ ಎಂಬ ಹುಂಬತನದಲ್ಲಿ ಬರೆದದ್ದು. ಮಕ್ಕಳ ಪತ್ರಗಳಲ್ಲಿ ಚಿತ್ರದ ಕೆಳಗೆ ಅದೇ ಪ್ರಶ್ನೆ ಇರುತ್ತದೆ, ಯಾಕೆ ಕೊಂದಿರಿ ಎಂದು. ಉತ್ತರ ಬರೆಯಲು ನನಗೆ ನಾಚಿಕೆ.

ಹಿಂದಿನ ವಾರ ಸೋನ್ಯಾಳದಿಂದ ರೇಣುಕಾ ಎಂಬವಳು ಮೊಬೈಲಿಗೆ ಒಂದು ಫೋಟೋ ಕಳಿಸಿದ್ದಳು. ಬಾಣಂತನಕ್ಕೆ ತವರಿಗೆ ಬಂದವಳು. ಅವಳ ತಾಯಿ ಮಾಯವ್ವ ಮೊಮ್ಮಗಳಿಗಾಗಿ ಹಳೆ ಬಟ್ಟೆಯ ಚೂರು ಕೂಡಿಸಿ ಹೊಲಿದ ಕೌದಿಯ ಒಂದು ತುದಿ ಫೋಟೋದಲ್ಲಿತ್ತು. ಅದರಲ್ಲಿ ಸೊಟ್ಟ ಕೊಂಬು ಕಂಡು ನಾನು ಕೂತಲ್ಲೇ ಕುಣಿದೆ. ಕೆಳಗೆ ಹೀಗೆ ಬರೆದಿತ್ತು: "ಒಂದು ಮೂಲಿ ಹೊಲೀದ ಬಿಟ್ಟಾಳ್ರಿ ಅವ್ವ. ನಿಮಗ ಒಂದು ಮಾತು ಕೇಳೂದೈತಿ ಅಂತಾಳ. ಶನಿವಾರ ಬಾಲಗಾಂವದಿಂದ ನಮ್ಮ ಅತ್ತಿ ಮನಿಯವ್ರು ಕರ್ಕೊಂಡು ಹೋಗಾಕ ಬರ್ತಾರ. ಅದರೊಳಗ ಬರ್ರಿ."

ಆ ಒಂದು ಮಾತು ಯಾಕೆ ಕೊಂದಿರಿ ಎಂಬುದೇ ಇರಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ. ಜತ್ತದಲ್ಲಿ ಇಳಿದಾಗ ಹತ್ತು ಗಂಟೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಂದು ಪ್ಲೇಟು ಮಿಸಳ್, ಒಂದು ಕಪ್ ಚಹಾ ಮುಗಿಸಿ ಸೋನ್ಯಾಳದ ಜೀಪು ಹುಡುಕಿದೆ. ಜೀಪಿನ ಹಿಂಬದಿಗೆ ಯಾರೋ ಒಬ್ಬ ಸಿನಿಮಾ ನಾಯಕನನ್ನು ಬಣ್ಣದಲ್ಲಿ ಬಿಡಿಸಿದ್ದರು. ಕೈಯಲ್ಲಿ ಕೊಡಲಿ, ತಲೆಗೆ ಈ ಕಡೆಯ ಕೆಂಪು ಪಟಗ. ಮೀಸೆ ಮಾತ್ರ ಯಾವ ಸಿನಿಮಾದಲ್ಲೂ ನೋಡಿದ ನೆನಪಾಗಲಿಲ್ಲ.

"ನಮ್ಮ ಮಾವ ಬಿಡಿಸ್ಯಾರ್ರಿ," ಎಂದ ಡ್ರೈವರ್. "ಮಾರಿ ಹೀರೋಂದು, ಮೀಸಿ ಮಾವಂದು. ಕನ್ನಡಿ ನೋಡ್ಕೋತ ಬಿಡಿಸಿದ್ರು."

ಐವತ್ತು ರೂಪಾಯಿಗೆ ಹದಿಮೂರು ಜನರ ನಡುವೆ ಸಿಕ್ಕಿಕೊಂಡು ಕೂತೆ. ದಾರಿಯ ಎರಡೂ ಬದಿ ಕುಯಿಲಾದ ಜೋಳದ ಹೊಲ, ಅಲ್ಲಲ್ಲಿ ದ್ರಾಕ್ಷಿ ತೋಟ. ಒಂದು ಕುರಿ ಹಿಂಡು ದಾಟುವವರೆಗೆ ಜೀಪು ನಿಂತಿತು. ನಾನು ತಲೆ ತಗ್ಗಿಸಿದೆ. ಒಂದೊಂದು ಟಗರೂ ನನ್ನನ್ನೇ ನೋಡುತ್ತಿದೆ ಅನ್ನಿಸಿತು.

ಮಾಯವ್ವ ಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು, ಅರವತ್ತು ದಾಟಿರಬೇಕು. "ಬರ್ರಿ ಬಾಯಾರ, ಕುಂದ್ರಿ. ಮೊದಲ ಉಣ್ರಿ, ಮಾತು ಆಮ್ಯಾಲ," ಎಂದು ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ಇಟ್ಟಳು. ಬೈಯುವವರು ಇಷ್ಟು ಚೆನ್ನಾಗಿ ಉಣಿಸಿದ್ದನ್ನು ನಾನು ಕಂಡಿಲ್ಲ.

ಊಟವಾದ ಮೇಲೆ ರೇಣುಕಾ ಕೌದಿ ಹಾಸಿದಳು. ಹಳೆಯ ಇಳಕಲ್ ಸೀರೆಯ ಕೆಂಪು ಅಂಚು ಬಾವಿಯ ಕಟ್ಟೆಯಾಗಿತ್ತು. ನೀಲಿ ಅಂಗಿ ನೀರಾಗಿತ್ತು. ಹರಿದ ಕಂಬಳಿಯ ಕರಿ ಚೂರುಗಳಿಂದ ಮಾಡಿದ ಡೊಂಕ ಬಾವಿಯ ಮೆಟ್ಟಿಲು ಹತ್ತಿ ಮೇಲೆ ಬಂದು ಮೈ ಕೊಡವುತ್ತಿದ್ದ. ಸುತ್ತ ಸಿಡಿದ ಹನಿಗಳೆಲ್ಲ ಬಿಳಿ ದಾರದ ಸಣ್ಣ ಸಣ್ಣ ಹೊಲಿಗೆ. ಇಷ್ಟು ಚೆಂದದ ಡೊಂಕನನ್ನು ಯಾರೂ ನನಗೆ ತೋರಿಸಿರಲಿಲ್ಲ. ಆದರೆ ಈ ದೃಶ್ಯ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ.

ಮಾಯವ್ವ ಎದುರು ಕೂತಳು. "ಬಾಲಗಾಂವದ ಬೀಗತಿ ಫೋನ್ ಮಾಡಿದ್ರು. ಅವರ ಮನ್ಯಾಗಿನ ಹುಡುಗಿ ನಿಮ್ಮ ಪುಸ್ತಕ ಓದ್ಯಾಳಂತ. ಸತ್ತ ಟಗರಿನ ಕೌದಿ ಕೂಸಿನ ಮೈಮ್ಯಾಲ ಹಾಕೂದು ಬ್ಯಾಡ, ಅಲ್ಲೇ ಬಿಟ್ಟ ಬರ್ರಿ ಅಂದ್ರು. ಮೂರು ತಿಂಗಳು ಹೊಲದೀನ್ರಿ ನಾ. ಈಗ ನೀವ ಹೇಳ್ರಿ, ಸತ್ತಾನೊ, ಅದಾನೊ?"

ಇಷ್ಟು ಕೆಲಸದ ಕೌದಿ ನನ್ನ ಒಂದು ಹುಂಬತನಕ್ಕಾಗಿ ಗಂಟು ಕಟ್ಟಿ ಮೂಲೆ ಸೇರಬೇಕಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬಾವ್ಯಾಗ ಮುಳುಗಿದ ಅಂತ ಬರದೀನ್ರಿ ಅವ್ವಾ," ಎಂದೆ.

"ಅದು ಗೊತ್ತೈತಿ, ರೇಣುಕಾ ಓದಿ ಹೇಳ್ಯಾಳ. ಹೆಣಾ ಸಿಕ್ತು ಅಂತ ಬರದೀರೇನು?"

"ಇಲ್ರಿ."

"ಟಗರು ನೀರಿಗಿ ಬಿದ್ದದ್ದು ಯಾವಾಗರೆ ಕಣ್ಣಿಲೆ ನೋಡೀರೇನು?"

"ಅದೂ ಇಲ್ರಿ."

ಮಾಯವ್ವ ತೊಡೆ ತಟ್ಟಿ ನಕ್ಕಳು. "ಉಣ್ಣೆ ಕತ್ತರಸೂ ಮುಂದ ನಾವ ಕುರಿ ಹಿಡದು ನೀರಿಗಿ ಒಗೀತೀವ್ರಿ, ಮೈ ಸ್ವಚ್ಛ ಆಗ್ಲಿ ಅಂತ. ಮಾರಿ ಮ್ಯಾಲ ಮಾಡಿ ಈಜಿ ದಂಡಿಗಿ ಬರ್ತಾವ. ಒಂದ್ಸಲ ಮುಳುಗಿ ಏಳ್ತಾವ, ಅಷ್ಟಕ್ಕ ನೀವ ಅಂಜೀರಿ. ನಿಮ್ಮ ಬಾವಿಗಿ ಪಾವಟಿಗಿ ಅದಾವೊ ಇಲ್ಲೊ?"

ಎರಡನೆಯ ಅಧ್ಯಾಯದಲ್ಲಿ ಗಂಗಿ ಕೊಡ ಹಿಡಿದು ಮೆಟ್ಟಿಲಿಳಿಯುವುದನ್ನು ನಾನೇ ಬರೆದಿದ್ದೆ. "ಅದಾವ್ರಿ," ಎಂದೆ.

"ಮತ್ತ ಮುಗೀತಲ್ಲ!"

ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಹಾಗೇ ಆಯಿತು. ಕಣ್ಣು ತುಂಬಿ ಬಂತು, ಮರೆಮಾಚಲೂ ಹೋಗಲಿಲ್ಲ. ಅಷ್ಟರಲ್ಲಿ ರೇಣುಕಾ ಬಾಲಗಾಂವಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

"ಬರದವ್ರು ನೀವೇನ್ರಿ?" ಬೀಗತಿಯ ದನಿ ಗಡಸು. "ಕೂಸಿನ ವಿಷಯ ಐತಿ, ಖರೇ ಹೇಳ್ರಿ."

"ಅದಾನ್ರಿ. ಪಾವಟಿಗಿ ಹತ್ತಿ ಬಂದಾನ. ಅವ ಮ್ಯಾಲ ಬರೂದರೊಳಗ ನಾ ಪುಸ್ತಕ ಮುಗಿಸಿಬಿಟ್ಟಿದ್ದೆ. ತಪ್ಪು ನಂದ್ರಿ."

ಬೀಗತಿಯ ದನಿ ಸಡಿಲಾಯಿತು. "ಹಂಗಾರ ತರ್ಲಿ. ನಮ್ಮ ಹುಡುಗಿಗೂ ಹೇಳ್ತೀನಿ, ಭಾಳ ಅತ್ತಿದ್ಲು."

ಇನ್ನು ಹೊಲಿಯದೆ ಬಿಟ್ಟ ಆ ಮೂಲೆ. ಈ ಮನೆಗಳಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕೊಡುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೊಂದು ತುತ್ತು ಇಡುತ್ತಾರೆ, ಒಣಗಿಸಿದ ರೊಟ್ಟಿಯ ಚೂರು, ನಾಲ್ಕು ಕಾಳು ಜೋಳ. ಇಡುವುದು ಮನೆಯ ಹಿರಿಯಳ ಕೆಲಸ. ಮಾಯವ್ವ ಆ ಚೂರನ್ನು ನನ್ನ ಅಂಗೈಗೆ ಹಾಕಿದಳು.

"ಅವನ್ನ ಹಡದಾಕಿ ನೀವ. ನೀವ ಇಡ್ರಿ."

ಇಟ್ಟೆ. ಅವಳು ಮೂಲೆ ಮಡಚಿ, ಹತ್ತಾರು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ರೇಣುಕಾ ಕೂಸನ್ನು ತಂದು ಕೌದಿಯ ನಟ್ಟನಡುವೆ ಮಲಗಿಸಿದಳು. ಕೂಸು ಎರಡು ಸಲ ಕಾಲು ಝಾಡಿಸಿ, ಸರಿಯಾಗಿ ಡೊಂಕನ ಬೆನ್ನಿನ ಮೇಲೆ ಉಚ್ಚೆ ಹೊಯ್ದಿತು.

"ಅಯ್ಯ, ಮತ್ತ ನೀರಿಗಿ ಬಿದ್ದ ನೋಡ್ರಿ!" ಎಂದಳು ಮಾಯವ್ವ. ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಮೂರು ಗಂಟೆಯ ಜೀಪಿಗೆ ಹೊರಟೆ. ಅವರ ಮನೆಯ ಮುಂದೆ ಜೀಪು ಹಾಯುವಾಗ ತಿರುಗಿ ನೋಡಿದೆ. ಮಾಯವ್ವ ಕೌದಿಯನ್ನು ತೊಳೆದು ಗೋಡೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. ಡೊಂಕನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನು ಒಣಗುತ್ತಿದ್ದ.