ಇನ್ಸ್‌ಪೆಕ್ಟರ್ ಚಿತ್ತಮ್ಮ

ನಮ್ಮ ಓಣಿಯಲ್ಲಿ ಕರೆಂಟು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬೆಟ್ಟದ ಬುಡದ ಮೊದಲ ಮನೆಯಲ್ಲಿ ಒಂದು ಹೊಲಿಗೆ ಮಷಿನ್ ಗುರ್ರೆನ್ನುತ್ತದೆ, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಓಣಿಯುದ್ದಕ್ಕೂ ಎಲ್ಲವೂ. ಆ ಮೊದಲನೆಯದು ಚಿತ್ತಮ್ಮಕ್ಕನ ಮಷಿನ್. ಕರೆಂಟು ಹೋದಾಗಲೂ ಆಕೆ ಪೆಡಲ್ ಮೇಲಿನ ಕಾಲು ತೆಗೆಯುವುದಿಲ್ಲ.

ಆಕೆಯ ತವರು ಮಡಕಶಿರದ ಆಚೆ, ಅಗಳಿ ಹತ್ತಿರದ ಹಳ್ಳಿ. ಮದುವೆಯಾದ ವರ್ಷವೇ ಗಂಡ ಲಕ್ಷ್ಮೀನರಸಪ್ಪನ ಜೊತೆ ಬೆಂಗಳೂರು ಬಸ್ಸು ಹತ್ತಿದಳು. ಅಲ್ಲಿನ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಬರೀ ಜಿಪ್ಪು ಕೂರಿಸಿದಳು. ಒಂದು ಪ್ಯಾಂಟನ್ನು ಸೊಂಟದಿಂದ ಕಾಲಿನವರೆಗೆ ತಾನೇ ಹೊಲಿದದ್ದು ರಾಯದುರ್ಗಕ್ಕೆ ಬಂದ ಮೇಲೆ. ಗಂಡನಿಗೆ ಇಲ್ಲಿ ಜೀನ್ಸ್ ತೊಳೆಯುವ ಕಡೆ ಕೆಲಸ ಸಿಕ್ಕಿತ್ತು. ಈಗ ಆಕೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಷಿನ್‌ಗಳಿವೆ. ಮಾತು ಮಾತ್ರ ಮಡಕಶಿರದ್ದೇ ಉಳಿದಿದೆ. 'ಐತೆ' ಎಂದಾಗಲೆಲ್ಲ ನಮ್ಮ ಹೆಂಗಸರು, "ಐತಿ ಅನ್ನಕ್ಕಾ" ಎಂದು ತಿದ್ದುತ್ತಾರೆ. "ನಿಮ್ದು ನಿಮಗೈತಿ, ನಮ್ದು ನಮಗೈತೆ" ಎಂದು ಆಕೆ ದಾರ ಕಚ್ಚಿ ತುಂಡು ಮಾಡುತ್ತಾಳೆ.

ಊರಿನ ಕಲಾ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ. ಪಾತ್ರಗಳೆಲ್ಲ ಗಂಡಸರವು, ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಊರ ಹೆಂಗಸರು ಚಾಪೆ ತಂದು ಕೂತು ನೋಡಬೇಕು, ಅಷ್ಟೆ. ಎರಡು ಸಾವಿರದ ಹನ್ನೊಂದರಲ್ಲಿ ಸಂಘದವರು ಒಂದು ಹಳೆಯ ಪತ್ತೇದಾರಿ ನಾಟಕ ಆರಿಸಿದರು. ಬೀಗ ಹಾಕಿದ ಕೋಣೆಯಲ್ಲಿ ಸಾವ್ಕಾರನ ಕೊಲೆಯಾಗುತ್ತದೆ, ಮನೆಯವರೆಲ್ಲರ ಮೇಲೂ ಅನುಮಾನ. ಆ ಸುದ್ದಿ ಕೇಳಿ ಚಿತ್ತಮ್ಮಕ್ಕ ಸಂಘದ ಮೀಟಿಂಗಿಗೆ ಹೋಗಿ ಬಾಗಿಲಲ್ಲಿ ನಿಂತಳು. ಸಂಘದ ಅಧ್ಯಕ್ಷರು ನರಸಿಂಹಯ್ಯ, ರಿಟೈರಾದ ಮೇಷ್ಟ್ರು.

"ಸಾರ್, ಇನ್ಸ್‌ಪೆಕ್ಟರ್ ಪಾರ್ಟು ನನಗೆ ಬೇಕು."

"ಇನ್ಸ್‌ಪೆಕ್ಟರು ಗಂಡಸು ಅದಾನಮ್ಮ."

"ಮೀಸೆ ಐತೆ ಅಂತ ಬರ್ದವ್ರಾ? ನೋಡಿ ಸಾರ್."

ನರಸಿಂಹಯ್ಯನವರು ಕೈಬರಹದ ಪುಸ್ತಕ ತಿರುವಿಹಾಕಿದರು. ಮೀಸೆಯ ಪ್ರಸ್ತಾಪ ಎಲ್ಲೂ ಇರಲಿಲ್ಲ. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. "ಕಡೇ ಪರದೆ ಬೀಳೋತನಕ ಜನ ಕೂತಿರಬೇಕು. ನಡುವ ಎದ್ದು ಹೋದರೋ, ಮುಂದಿನ ವರ್ಷದಿಂದ ಮತ್ತ ಬಳ್ಳಾರಿಯವರೇ. ನೀನು ಕೇಳಂಗಿಲ್ಲ."

"ಕೇಳಲ್ಲ ಸಾರ್" ಎಂದಳು. ಜೊತೆಗೆ ನಾಟಕ ಕಲಿಸುವ ಕೆಲಸವನ್ನೂ ತಾನೇ ತೆಗೆದುಕೊಂಡು ಬಂದಳು. ಸಾವ್ಕಾರನ ಹೆಂಡತಿಯ ಪಾತ್ರಕ್ಕೆ ತನ್ನ ಪಕ್ಕದ ಮಷಿನ್ನಿನ ಲಕ್ಷ್ಮಿದೇವಿಯನ್ನು ಹಾಕಿದಳು.

ಚಿಕ್ಕಂದಿನಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ಅಜ್ಜಿ ಒಗಟು ಹೇಳುತ್ತಿದ್ದಳಂತೆ. ಕಡೇ ತಟ್ಟೆಗೆ ಸೊಪ್ಪು ಬೀಳುವವರೆಗೆ ಉತ್ತರ ಹೇಳುತ್ತಿರಲಿಲ್ಲ. "ಉತ್ತರ ಹೇಳಿದ್ರೆ ನಾವು ಎದ್ದೋಗ್ತಿದ್ವಿ ಕಣಮ್ಮಿ. ಅಷ್ಟೇ ಈ ನಾಟಕ" ಎಂದು ನನಗೆ ಹೇಳಿದಳು. ಆಗ ನಾನು ಬಿ.ಎ. ಎರಡನೇ ವರ್ಷ, ಪರದೆ ಹಿಂದೆ ನಿಂತು ಮಾತು ನೆನಪಿಸುವ ಕೆಲಸ ನನ್ನದು.

ಹಾಗಾಗಿ ಆಕೆ ನಾಟಕವನ್ನೂ ಪ್ಯಾಂಟಿನ ಹಾಗೆ ಹಂಚಿದಳು. ಒಬ್ಬರಿಗೆ ಜೇಬು, ಒಬ್ಬರಿಗೆ ಪಟ್ಟಿ ಕೊಟ್ಟಂತೆ ಪ್ರತಿಯೊಬ್ಬರಿಗೂ ಅವರವರ ಪುಟ ಮಾತ್ರ. ಕೊಲೆಗಾರ ಡಾಕ್ಟರು ಎಂದು ಗೊತ್ತಿದ್ದದ್ದು ಆಕೆಗೆ, ನನಗೆ, ಪುಸ್ತಕ ಓದಿದ್ದ ಅಧ್ಯಕ್ಷರಿಗೆ ಮತ್ತು ಡಾಕ್ಟರ ಪಾತ್ರದ ಕೊಟ್ರಬಸಪ್ಪನಿಗೆ. ಕರಪತ್ರದಲ್ಲಿ ಫೋಟೋ ಹಾಕಿಸಿದಳು, ಪಾತ್ರದ ಹೆಸರು ಹಾಕಿಸಲಿಲ್ಲ. ನಮ್ಮ ಕಡೆ ಪಾತ್ರಧಾರಿಗಳ ನೆಂಟರು ನಾಟಕದ ನಡುವೆಯೇ ವೇದಿಕೆ ಹತ್ತಿ ಹಾರ ಹಾಕುತ್ತಾರೆ. ಅವರು ಕೊಟ್ಟ ಚೀಟಿಯನ್ನು ಮೈಕಿನಲ್ಲಿ ಓದಬೇಕು. ಈ ಸಲ ಹಾರಗಳೆಲ್ಲ ನಾಟಕ ಮುಗಿದ ಮೇಲೆ ಎಂದು ಸಾರಿದಳು.

ಎಲ್ಲರಿಗಿಂತ ಹೆಚ್ಚು ಮುನಿಸಿಕೊಂಡವನು ಗುಮಾಸ್ತನ ಪಾತ್ರದ ಓಬಣ್ಣ. ಅವನಿಗಿದ್ದದ್ದು ಒಂದೇ ಮಾತು: 'ಹೌದ್ರಿ ಸಾವ್ಕಾರ್ರ.' ಅದನ್ನೇ ನಾಲ್ಕು ಸಲ ಹೇಳಬೇಕು.

"ಇದು ಪಾರ್ಟೇನಕ್ಕಾ? ನಮ್ಮನಿ ಎಮ್ಮಿ ಇದಕ್ಕಿಂತ ಜಾಸ್ತಿ ಮಾತಾಡ್ತತಿ."

"ಸರಿಯಾಗಿ ಹೇಳಪ್ಪ ಮೊದ್ಲು. ನಿನ್ನೆ ಮೂರೇ ಸಲ ಹೇಳ್ದೆ."

ನಾಟಕ ಒಂದು ಭಾನುವಾರ ಸಂಜೆ ನಾಲ್ಕೂವರೆಗೆ. ರಾತ್ರಿ ಇಟ್ಟರೆ ಗಾರ್ಮೆಂಟ್ಸಿನ ಹೆಂಗಸರು ಬರಲಾರರು ಎಂದು ಸಮಯವನ್ನೂ ಆಕೆಯೇ ಗೊತ್ತು ಮಾಡಿದ್ದಳು. ಓಣಿಯಲ್ಲಿ ಕರೆಂಟಿರಲಿಲ್ಲ, ಜನರೇಟರ್ ಹಚ್ಚಿದ್ದ ಸಮುದಾಯ ಭವನ ತುಂಬಿತ್ತು. ಮೊದಲ ದೃಶ್ಯದಲ್ಲಿ ಸತ್ತ ಸಾವ್ಕಾರನ ಮುಷ್ಟಿ ಬಿಡಿಸಿ, ಅದರೊಳಗಿನ ಕಪ್ಪು ಬಟನ್ನನ್ನು ಇನ್ಸ್‌ಪೆಕ್ಟರ್ ಚಿತ್ತಮ್ಮ ಮೇಲೆತ್ತಿ ತೋರಿಸಿದಾಗ ಒಂದು ಕೂಸೂ ಅಳಲಿಲ್ಲ.

ಎರಡನೇ ದೃಶ್ಯ ಮುಗಿಯುವ ಹೊತ್ತಿಗೆ ಕೊಟ್ರಬಸಪ್ಪನ ಭಾವ ಸೂರಪ್ಪ ಹಾರ ಹಿಡಿದು ಮೆಟ್ಟಿಲು ಹತ್ತಿದರು. ಓಬಳಾಪುರದವರು.

"ಮುಗದ ಮ್ಯಾಲ ಹಾಕ್ರಿ" ಎಂದು ಯಾರೋ ತಡೆದರು.

"ನನ್ನ ಬಸ್ಸು ಆರಕ್ಕ ಐತ್ರಿ. ಹಾರ ಹಾಕದ ಹೋದರ ನಮ್ಮಾಕಿ ಮನಿಗೆ ಸೇರಸ್ತಾಳೇನ್ರಿ?"

ಬೀಗರನ್ನು ತಡೆಯುವುದು ಹೇಗೆ? ಹಾರ ಬಿತ್ತು. ಮೈಕಿನ ಮುಂದಿದ್ದವರು ರೂಢಿಯಂತೆ ಚೀಟಿ ಓದಿದರು. "ಕೊಲೆಗಾರ ಡಾಕ್ಟರ ಪಾತ್ರವನ್ನು ಅಮೋಘವಾಗಿ ಅಭಿನಯಿಸುತ್ತಿರುವ ನಮ್ಮ ಭಾಮೈದ ಕೊಟ್ರಬಸಪ್ಪನವರಿಗೆ..."

ಭವನದಲ್ಲಿದ್ದವರೆಲ್ಲ ಕೊಟ್ರಬಸಪ್ಪನ ಕಡೆ ತಿರುಗಿದರು. ಆಮೇಲೆ ನಗು, ಸಿಳ್ಳೆ. ಚಾಪೆ ಸುತ್ತುವ ಸದ್ದು ಕೇಳಿಸಿತು. "ಡಾಕ್ಟರಂತಬೇ, ಗೊತ್ತಾತಲ್ಲ, ನಡಿ ರೊಟ್ಟಿ ಬಡಿಯೋದೈತಿ" ಎಂದು ನಮ್ಮ ಓಣಿಯ ಸುಂಕಮ್ಮ ಸೊಸೆಯನ್ನು ಎಬ್ಬಿಸಿದಳು. ಮುಂದಿನ ಸಾಲಿನಲ್ಲಿ ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು.

ಚಿತ್ತಮ್ಮಕ್ಕ ಟೋಪಿ ಸರಿಮಾಡಿಕೊಂಡು ಪರದೆಯ ಮುಂದೆ ಬಂದು ನಿಂತಳು.

"ಕೂತ್ಕೊಳ್ರಮ್ಮ. ಮೈಕಲ್ಲಿ ಹೇಳಿದ್ದೆಲ್ಲ ನಿಜ ಆದ್ರೆ ಊರಿಗೆ ಪೊಲೀಸ್ರು ಯಾಕೆ ಬೇಕು? ಈ ಚೀಟಿ ಯಾರು ಬರೆಸಿದ್ರು, ನಾನು ವಿಚಾರಣೆ ಮಾಡ್ಬೇಕು. ಅಲ್ಲೀವರೆಗೂ ಯಾರೂ ಎದ್ದೋಗಂಗಿಲ್ಲ."

ಇದು ಪುಸ್ತಕದಲ್ಲಿ ಇರಲಿಲ್ಲ. ನಿಂತವರಲ್ಲಿ ಕೆಲವರು ಕೂತರು. ಸುಂಕಮ್ಮ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಳು.

ಒಳಗೆ ಬಂದವಳೇ ಓಬಣ್ಣನ ಕೋಟಿನ ಮೂರನೇ ಬಟನ್ ಹಿಡಿದು ಹರಿದಳು.

"ಓಬಣ್ಣ, ಕೊಲೆ ನೀನೇ ಮಾಡಿರೋದು."

"ನಾನಾ? ಯಾಕ?"

"ಅದನ್ನ ಸ್ಟೇಜ್ ಮೇಲೆ ಹೇಳ್ತೀನಿ. ನೀನು ಹೌದ್ರಿ ಅಂದ್ರೆ ಸಾಕು."

ಪುಸ್ತಕದ ಪ್ರಕಾರ ಡಾಕ್ಟರ ಕೋಟಿನಿಂದ ಮೊದಲೇ ಒಂದು ಬಟನ್ ಕಿತ್ತಿಟ್ಟಿದ್ದೆವು, ಆ ಜಾಗಕ್ಕೆ ಇದನ್ನು ಹೊಲಿಯತೊಡಗಿದಳು. ಕೋಟುಗಳನ್ನೆಲ್ಲ ಒಂದೇ ಥಾನಿನ ಬಟ್ಟೆಯಲ್ಲಿ ತಾನೇ ಕತ್ತರಿಸಿದ್ದಳು, ಬಟನ್‌ಗಳೂ ಒಂದೇ. ಕೊಟ್ರಬಸಪ್ಪ ಹಾರ ಹಾಕಿಕೊಂಡೇ ನಿಂತಿದ್ದ.

"ಮನ್ಯಾಗ ನಾನು ಪಾರ್ಟು ಬಾಯಿಪಾಠ ಮಾಡಾಗ ಭಾವ ಕೇಳಿಸ್ಕೊಂಡಾನಕ್ಕ. ಈಗ ನಾನು ಕೊಲೆಗಾರ ಅಲ್ಲಂದರ ಬೀಗರ ಮುಂದ ಏನು ಹೇಳ್ಲಿ?"

"ನಿಮ್ಮ ಭಾವನೋರು ಬಸ್ಸಿಗೆ ಹೋದ್ರು. ಓಬಳಾಪುರದಲ್ಲಿ ನೀನೇ ಕೊಲೆಗಾರ. ಇಲ್ಲಿ ಓಬಣ್ಣ. ಅಲ್ಲಾಡ್ಬೇಡ, ಸೂಜಿ ಚುಚ್ತದೆ."

"ಅಕ್ಕಾ, ಪುಸ್ತಕದಲ್ಲಿ..." ಎಂದೆ ನಾನು.

"ಕಟಿಂಗ್ ತಪ್ಪಿದ್ರೆ ಬಟ್ಟೆ ಎಸೀತಾರೇನೇ? ಬೇರೆ ಸೈಜು ಮಾಡ್ತಾರೆ." ದಾರ ಕಚ್ಚಿದಳು. ಪರದೆ ಎಳೆಯಲು ಕೈ ಮಾಡಿದಳು.

ಮೂರನೇ ದೃಶ್ಯ ಪುಸ್ತಕದಂತೆಯೇ ನಡೆಯಿತು, ಆದರೆ ಜನ ಈಗ ಮಾತು ಕೇಳುತ್ತಿರಲಿಲ್ಲ, ಕೋಟುಗಳನ್ನು ನೋಡುತ್ತಿದ್ದರು. ಕಡೇ ದೃಶ್ಯದಲ್ಲಿ ಆಕೆ ಡಾಕ್ಟರನ್ನು ದೀಪದ ಕೆಳಗೆ ನಿಲ್ಲಿಸಿ ಬಟನ್ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಎಲ್ಲವೂ ಇದ್ದವು. ಭವನದಲ್ಲಿ ಗುಸುಗುಸು ಎದ್ದಿತು. ನಾನು ಪುಸ್ತಕ ಮುಚ್ಚಿದೆ. ಇನ್ನು ನೆನಪಿಸಲು ನನ್ನ ಬಳಿ ಏನೂ ಇರಲಿಲ್ಲ.

"ಈ ಮನೇಲಿ ಎಲ್ಲಾರೂ ಮಾತಾಡಿದ್ರು" ಎಂದಳು ಇನ್ಸ್‌ಪೆಕ್ಟರ್ ಚಿತ್ತಮ್ಮ. "ಹೆಂಡ್ತಿ ಅತ್ಲು, ತಮ್ಮ ಕೂಗಾಡ್ದ, ಡಾಕ್ಟರು ಔಷಧದ ಹೆಸರು ಹೇಳಿದ್ರು. ಬೀಗದ ಕೈ ಗೊಂಚಲು ಹಿಡ್ಕೊಂಡು ಮೂಲೇಲಿ ನಿಂತವನನ್ನ ಯಾರಾದ್ರೂ ನೋಡಿದ್ರಾ? ಹದಿನೆಂಟು ವರ್ಷ ಬೈದ್ರೂ ಹೌದ್ರಿ, ಹೊಡೆದ್ರೂ ಹೌದ್ರಿ. ಮೊನ್ನೆ ಅವನ ತಾಯಿ ಸತ್ತಾಗ ರಜ ಕೇಳ್ದ. ಸಾವ್ಕಾರ ಏನಂದ? ಲೆಕ್ಕ ಮುಗಿಸಿ ಹೋಗು ಅಂದ. ಚೀಟಿ ಬರೆಸಿ ಡಾಕ್ಟರ ಮೇಲೆ ಹಾಕ್ದೋನೂ ಇವನೇ. ಗುಮಾಸ್ತ, ಎದೆ ಮೇಲಿನ ಕೈ ತೆಗಿ."

ಓಬಣ್ಣ ಕೈ ತೆಗೆದ. ಮೂರನೇ ಬಟನ್ ಇದ್ದ ಜಾಗದಲ್ಲಿ ದಾರ ಜೋತಾಡುತ್ತಿತ್ತು.

"ಸಾವ್ಕಾರನ್ನ ನೀನೇ ಅಲ್ವೇನಯ್ಯ ಕೊಂದಿದ್ದು?"

ಓಬಣ್ಣ ಅವಳನ್ನು ನೋಡಿದ. ಆಮೇಲೆ ಜನರನ್ನು ನೋಡಿದ. 

"ಹೌದ್ರಿ" ಎಂದ.

ಚಪ್ಪಾಳೆ ನಿಲ್ಲುವ ಮೊದಲೇ ಕಡೇ ಪರದೆ ಬಿತ್ತು. ಬಿದ್ದ ಮೇಲೂ ಜನ ಕದಲಲಿಲ್ಲ. "ಗುಮಾಸ್ತನ ಅಂತ ನನಗ ಮೊದಲ ಗೊತ್ತಿತ್ತು" ಎಂದು ಸುಂಕಮ್ಮ ಸೊಸೆಗೆ ಹೇಳುತ್ತಿದ್ದಳು. ಅವಳ ಚಾಪೆ ಯಾವಾಗಲೋ ಮತ್ತೆ ನೆಲಕ್ಕೆ ಬಂದಿತ್ತು.

ನರಸಿಂಹಯ್ಯನವರು ಶಾಲು ಹಿಡಿದು ವೇದಿಕೆ ಹತ್ತಿದರು. ಆಕೆಯ ಕಾಲರಿನಲ್ಲಿ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಶಾಲು ಅದಕ್ಕೆ ಸಿಕ್ಕಿತು. ಬಿಡಿಸುತ್ತ ಕೇಳಿದರು, "ಮುಂದಿನ ವರ್ಷ ಯಾವ ಪಾರ್ಟು ಬೇಕಮ್ಮ ನಿನಗ?"

ಬೆಟ್ಟದ ಕಡೆಯಿಂದ ಮಷಿನ್‌ಗಳ ಸದ್ದು ಶುರುವಾಯಿತು. ಓಣಿಗೆ ಕರೆಂಟು ಬಂದಿತ್ತು. ಸೋಮವಾರ ಕೊಡಬೇಕಾದ ಪ್ಯಾಂಟುಗಳು ಮನೆಯಲ್ಲಿ ಕಾಯುತ್ತಿದ್ದವು. ಚಿತ್ತಮ್ಮಕ್ಕ ಟೋಪಿ ತೆಗೆದು ನನ್ನ ಕೈಗಿಟ್ಟು, ಶಾಲು ಹೊದ್ದುಕೊಂಡೇ ಮೆಟ್ಟಿಲಿಳಿಯುತ್ತ ಹೇಳಿದಳು:

"ಪಾರ್ಟು ಆಮೇಲೆ ನೋಡನ ಸಾರ್. ಮೊದ್ಲು ನೆಂಟ್ರದ್ದೆಲ್ಲ ಬಸ್ಸು ಎಷ್ಟೊತ್ತಿಗೆ ಅಂತ ಬರ್ಕೊಂಡು, ಅದನ್ನ ನೋಡ್ಕೊಂಡು ಕೊಲೆ ಎಷ್ಟೊತ್ತಿಗೆ ಅಂತ ಗೊತ್ತು ಮಾಡನ."